ಫ್ರೋಜನ್ ಊಟದ ಪೊಟ್ಟಣವನ್ನು ಆರೋಗ್ಯಕ್ಕೆ ಹೊಂದಿಸಿಕೊಳ್ಳುವ ಬಗೆ

ರಾತ್ರಿ ಎಂಟೂವರೆಗೆ ಕೆಲಸದಿಂದ ಮನೆಗೆ ಬಂದು, ಅಕ್ಕಿ ತೊಳೆದು ಕುಕ್ಕರ್ ಇಡುವಷ್ಟೂ ತ್ರಾಣವಿಲ್ಲದೆ ಫ್ರೀಜರಿನ ಬಾಗಿಲು ತೆರೆಯುವವರು ಈಗ ನಮ್ಮ ನಗರಗಳಲ್ಲಿ ಕಡಿಮೆಯೇನಿಲ್ಲ. ಪರೋಟವನ್ನೋ ಪಲಾವಿನ ಪೊಟ್ಟಣವನ್ನೋ ಹೊರತೆಗೆಯುವಾಗ ಮನಸ್ಸಿನಲ್ಲಿ ಸಣ್ಣದೊಂದು ಅಳುಕೂ ಇರುತ್ತದೆ, ಏಕೆಂದರೆ ತಂಗಳು ತಿನ್ನಬಾರದು ಎಂಬ ಮನೆಯ ಹಿರಿಯರ ಮಾತು ನಮ್ಮೊಳಗೆ ಆಳವಾಗಿ ಇಳಿದಿದೆ. ಆ ಅಳುಕು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನಾವು ಅಂಜಬೇಕಾದದ್ದು ಹೆಪ್ಪುಗಟ್ಟಿಸಿದ್ದಕ್ಕಲ್ಲ. ಹೆಪ್ಪುಗಟ್ಟಿಸುವ ಮುನ್ನ ಆ ಅಡುಗೆಗೆ ಎಷ್ಟು ಉಪ್ಪು, ಯಾವ ಎಣ್ಣೆ, ಯಾವ ಹಿಟ್ಟು ಬಿದ್ದಿದೆ ಎಂಬುದನ್ನೂ, ನಮ್ಮ ತಟ್ಟೆಯಲ್ಲಿ ಅದರ ಜೊತೆಗೆ ಇನ್ನೇನಿದೆ ಎಂಬುದನ್ನೂ ನೋಡಿಯೇ ಅದು ಆರೋಗ್ಯಕ್ಕೆ ಹೊಂದುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸಬೇಕು.

ಮೊದಲು ತಂಗಳಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ತಿಳಿದುಕೊಳ್ಳೋಣ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಹಾಗಾಗಿ ಹೆಪ್ಪುಗಟ್ಟಿದ ಆಹಾರವನ್ನು ಕೆಡದಂತೆ ಉಳಿಸಲು ಬೇರೆ ಸಂರಕ್ಷಕಗಳ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಚಳಿಯೇ ಸಂರಕ್ಷಕ. ಕಾರ್ಖಾನೆಯಲ್ಲಿ ತೀರಾ ವೇಗವಾಗಿ ತಣಿಸುವುದರಿಂದ ಒಳಗಿನ ನೀರು ಸಣ್ಣ ಸಣ್ಣ ಹರಳುಗಳಾಗುತ್ತದೆ, ತರಕಾರಿಯ ಜೀವಕೋಶಗಳು ಹೆಚ್ಚು ಒಡೆಯುವುದಿಲ್ಲ. ಮನೆಯ ಫ್ರೀಜರಿನಲ್ಲಿ ಅದೇ ಕೆಲಸ ನಿಧಾನವಾಗಿ ನಡೆದು ಹರಳುಗಳು ದೊಡ್ಡದಾಗುವ ಕಾರಣ, ನಾವು ಇಟ್ಟ ತರಕಾರಿ ಕರಗಿದಾಗ ಮೆತ್ತಗಾಗಿ ನೀರು ಬಿಡುತ್ತದೆ. ಹಸಿರು ಬಟಾಣಿಯನ್ನು ಕೊಯ್ದ ಕೆಲವೇ ಗಂಟೆಗಳಲ್ಲಿ ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು ಹೆಪ್ಪುಗಟ್ಟಿಸುತ್ತಾರೆ. ಈ ಅದ್ದುವಿಕೆಯಲ್ಲಿ ಸಿ ಜೀವಸತ್ವ ಸ್ವಲ್ಪ ನಷ್ಟವಾಗುವುದು ನಿಜ. ಆದರೆ ಮಂಡಿಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಬಂದು ನಾಲ್ಕು ದಿನ ಕಳೆದ ತಾಜಾ ಬಟಾಣಿಯಲ್ಲೂ ಅದೇ ಜೀವಸತ್ವ ದಿನದಿನಕ್ಕೆ ಇಳಿಯುತ್ತಲೇ ಹೋಗಿರುತ್ತದೆ.

ಆದ್ದರಿಂದ ಬರಿಯ ಬಟಾಣಿ, ಜೋಳ, ಬೀನ್ಸ್, ಪಾಲಕ್, ತೆಂಗಿನ ತುರಿ, ಮೀನು ಇಂಥವನ್ನು, ಬೇರೇನೂ ಬೆರೆಸದೆ ಹೆಪ್ಪುಗಟ್ಟಿಸಿದ್ದಾದರೆ, ತಾಜಾ ಸಾಮಾನಿನಂತೆಯೇ ನಿಶ್ಚಿಂತೆಯಿಂದ ಬಳಸಬಹುದು. ಎಚ್ಚರ ಬೇಕಾದದ್ದು ಬೇಯಿಸಿ, ಮಸಾಲೆ ಹಾಕಿ, ಬಿಸಿ ಮಾಡಿದರೆ ಸಾಕು ಎಂಬಂತೆ ಸಿದ್ಧಪಡಿಸಿದ ಊಟಗಳ ವಿಷಯದಲ್ಲಿ.

ಅಂಥ ಪೊಟ್ಟಣವನ್ನು ಕೈಗೆತ್ತಿಕೊಂಡಾಗ ಮುಂಭಾಗದ ಚಿತ್ರವನ್ನು ಬಿಟ್ಟು ಹಿಂಬದಿಗೆ ತಿರುಗಿಸಿ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಅಂದರೆ ಮೊದಲು ಬರೆದದ್ದೇ ಹೆಚ್ಚು ಇರುವಂಥದ್ದು. ಮುಂದೆ ದೊಡ್ಡ ಅಕ್ಷರದಲ್ಲಿ ಗೋಧಿ ಪರೋಟ ಎಂದಿದ್ದು, ಹಿಂದಿನ ಪಟ್ಟಿ ‘ರಿಫೈನ್ಡ್ ವೀಟ್ ಫ್ಲೋರ್’ ಎಂದು ಆರಂಭವಾದರೆ ನಿಮ್ಮ ಕೈಯಲ್ಲಿರುವುದು ಮುಖ್ಯವಾಗಿ ಮೈದಾ. ಎರಡನೆಯ ಅಥವಾ ಮೂರನೆಯ ಸ್ಥಾನದಲ್ಲಿ ತಾಳೆ ಎಣ್ಣೆ ಕಂಡರೆ ಅದನ್ನೂ ಗಮನಿಸಿ, ಏಕೆಂದರೆ ಆ ಎಣ್ಣೆಯ ಸುಮಾರು ಅರ್ಧ ಭಾಗ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಹೆಚ್ಚಾದರೆ ಹೃದಯಕ್ಕೆ ಒಳ್ಳೆಯದಲ್ಲದ ಕೊಬ್ಬು. ಎಣ್ಣೆಯನ್ನು ವನಸ್ಪತಿಯಂತೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2022ರ ಜನವರಿಯಿಂದ ಒಟ್ಟು ಎಣ್ಣೆ-ಕೊಬ್ಬಿನ ಶೇಕಡಾ 2ಕ್ಕೆ ಇಳಿಸಿರುವುದರಿಂದ ಆ ಒಂದು ಚಿಂತೆ ಮೊದಲಿಗಿಂತ ಕಡಿಮೆಯಾಗಿದೆ.

ಪೋಷಕಾಂಶಗಳ ಪಟ್ಟಿಯ ಕೊನೆಯ ಸಾಲುಗಳಲ್ಲಿ ಅಡಗಿ ಕೂತಿರುವ ಸೋಡಿಯಂ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರೊಬ್ಬರಿಗೆ ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸಾಕು ಎನ್ನುತ್ತದೆ. ಉಪ್ಪಿನ ಲೆಕ್ಕದಲ್ಲಿ ಇದು 5 ಗ್ರಾಂ, ಚಹಾ ಚಮಚ ಒಂದಕ್ಕೂ ಸ್ವಲ್ಪ ಕಡಿಮೆ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ಈಗ 300 ಗ್ರಾಂ ತೂಗುವ ಪಲಾವಿನ ಪೊಟ್ಟಣವೊಂದನ್ನು ಊಹಿಸಿಕೊಳ್ಳಿ. ಅದರ ಹಿಂದೆ ‘100 ಗ್ರಾಂಗೆ ಸೋಡಿಯಂ 320 ಮಿಲಿಗ್ರಾಂ’ ಎಂದು ಬರೆದಿದೆ ಎನ್ನೋಣ. ಓದಿದಾಗ ಅದೇನೂ ದೊಡ್ಡ ಸಂಖ್ಯೆ ಅನ್ನಿಸುವುದಿಲ್ಲ. ಆದರೆ ನಾವು 100 ಗ್ರಾಂ ತಿಂದು ಮಿಕ್ಕದ್ದನ್ನು ಎತ್ತಿಡುವವರಲ್ಲ, ಇಡೀ ಪೊಟ್ಟಣವೇ ಒಂದು ಊಟ. ಆಗ ಸೋಡಿಯಂ 960 ಮಿಲಿಗ್ರಾಂ, ಉಪ್ಪು 2.4 ಗ್ರಾಂ ಆಗುತ್ತದೆ. ದಿನದ ಪಾಲಿನ ಹತ್ತಿರ ಹತ್ತಿರ ಅರ್ಧ ಒಂದೇ ಊಟದಲ್ಲಿ ಮುಗಿಯಿತು. ಪಕ್ಕದಲ್ಲಿ ಹಪ್ಪಳ, ಮಾವಿನ ಉಪ್ಪಿನಕಾಯಿ ಇದ್ದರೆ ಉಳಿದ ಅರ್ಧದಲ್ಲೂ ಸಾಕಷ್ಟು ಹೋಗುತ್ತದೆ. ರಕ್ತದೊತ್ತಡ ಇರುವವರು, ಮೂತ್ರಪಿಂಡದ ತೊಂದರೆ ಇರುವವರು ಈ ಲೆಕ್ಕವನ್ನು ಅಂಗಡಿಯಲ್ಲೇ ನಿಂತು ಮಾಡಬೇಕು, ತಮಗೆಷ್ಟು ಮಿತಿ ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿದಿರಬೇಕು. ನನ್ನ ಮನೆಯಲ್ಲಿ ಒಂದು ಊಟಕ್ಕೆ 600 ಮಿಲಿಗ್ರಾಂ ದಾಟಿದ ಪೊಟ್ಟಣವನ್ನು ವಾಪಸ್ಸು ಇಟ್ಟುಬಿಡುತ್ತೇವೆ. ಇದು ಯಾವ ಸಂಸ್ಥೆಯೂ ಹಾಕಿಕೊಟ್ಟ ಗೆರೆಯಲ್ಲ, ದಿನದ ಮೂರು ಊಟಕ್ಕೂ ಮಿತಿ ಉಳಿಯಲೆಂದು ನಾವೇ ಹಾಕಿಕೊಂಡದ್ದು.

ಕಟ್ಲೆಟ್, ಸಮೋಸ, ಆಲೂಗಡ್ಡೆ ಫ್ರೈಗಳನ್ನು ಊಟದ ಲೆಕ್ಕಕ್ಕೆ ಸೇರಿಸಬೇಡಿ. ಅವುಗಳಲ್ಲಿ ಹಲವನ್ನು ಕಾರ್ಖಾನೆಯಲ್ಲಿ ಒಮ್ಮೆ ಅರೆಬರೆ ಕರಿದಿರುತ್ತಾರೆ, ಮನೆಯಲ್ಲಿ ನಾವು ಮತ್ತೆ ಕರಿಯುತ್ತೇವೆ.

ಇನ್ನು ತಟ್ಟೆಯ ಮಾತು. ಸಿದ್ಧ ಊಟದ ಪೊಟ್ಟಣವನ್ನು ನಾನು ಅರ್ಧ ಊಟ ಎಂದೇ ಎಣಿಸುತ್ತೇನೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ದಿನಕ್ಕೆ ಸೊಪ್ಪು, ತರಕಾರಿ, ಹಣ್ಣು ಎಲ್ಲ ಸೇರಿ ಸುಮಾರು 500 ಗ್ರಾಂ ಇರಬೇಕೆಂದಿದೆ. ಪಲಾವಿನಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ಕ್ಯಾರೆಟ್ ಚೂರುಗಳಿಂದ ಆ ಲೆಕ್ಕ ತುಂಬುವುದಿಲ್ಲ. ಹಾಗೆಂದು ದಣಿದು ಬಂದವರಿಗೆ ಹುಳಿ, ಪಲ್ಯ ಮಾಡಿಕೊಳ್ಳಿ ಎಂದು ಹೇಳುವುದು ನ್ಯಾಯವೂ ಅಲ್ಲ. ಬೆಳಿಗ್ಗೆ ಹೊರಡುವ ಮುನ್ನ ಒಂದು ಹಿಡಿ ಹೆಸರುಬೇಳೆಯನ್ನು ತೊಳೆದು ನೀರಿನಲ್ಲಿ ನೆನೆಯಲು ಹಾಕಿ ಫ್ರಿಜ್ಜಿನಲ್ಲಿಟ್ಟರೆ, ರಾತ್ರಿ ಒಂದು ಸೌತೆಕಾಯಿ ಹೆಚ್ಚಿ, ಎರಡು ಚಮಚ ಕಾಯಿತುರಿ ಉದುರಿಸಿ, ನಿಂಬೆರಸ ಹಿಂಡುವಷ್ಟರಲ್ಲಿ ಕೋಸಂಬರಿ ಸಿದ್ಧ. ನಿಂಬೆಯ ಹುಳಿ ಇರುವುದರಿಂದ ಉಪ್ಪನ್ನು ಬಿಟ್ಟರೂ ರುಚಿಗೆ ಕೊರತೆಯಾಗುವುದಿಲ್ಲ. ಅದರ ಜೊತೆ ಒಂದು ಬಟ್ಟಲು ಮೊಸರು. ಆಗ 300 ಗ್ರಾಂ ಪಲಾವಿನಲ್ಲಿ ಮೂರನೇ ಎರಡು ಭಾಗ ತಿನ್ನುವಷ್ಟರಲ್ಲೇ ಹೊಟ್ಟೆ ತುಂಬುತ್ತದೆ. ಬೇಳೆ ಮತ್ತು ಮೊಸರಿನಿಂದ ಪ್ರೋಟೀನು, ಸೌತೆ ಮತ್ತು ಬೇಳೆಯಿಂದ ನಾರು ದೊರೆಯುತ್ತವೆ, ಉಪ್ಪು ಮೂರನೇ ಒಂದು ಭಾಗ ತಗ್ಗುತ್ತದೆ. ಪರೋಟದ ದಿನವಾದರೆ ಎರಡರ ಬದಲು ಒಂದನ್ನೇ ಕಾವಲಿಯ ಮೇಲೆ ಹಾಕಿ. ಅದರಲ್ಲಿ ಎಣ್ಣೆ ಆಗಲೇ ಇರುವುದರಿಂದ ಸುತ್ತಲೂ ಮತ್ತೆ ಎಣ್ಣೆ ಬಿಡಬೇಕಾಗಿಲ್ಲ, ಸಣ್ಣ ಉರಿಯಲ್ಲಿ ಒತ್ತುತ್ತಾ ಹೋದರೆ ತನ್ನ ಎಣ್ಣೆಯಲ್ಲೇ ಪದರ ಬಿಡುತ್ತದೆ. ಪಕ್ಕಕ್ಕೆ ಎರಡು ಮೊಟ್ಟೆಯ ಪಲ್ಯವೋ, ಹಿಂದಿನ ದಿನ ಬೇಯಿಸಿಟ್ಟ ಕಡಲೆಕಾಳೋ ಇರಲಿ. ವಾರಕ್ಕೆ ಎರಡು ರಾತ್ರಿ ಹೀಗೆ ಕಳೆದರೆ ಆರೋಗ್ಯವಂತರಿಗೆ ಚಿಂತೆಪಡುವಂಥದ್ದೇನೂ ಇಲ್ಲ ಎಂದು ನನ್ನ ನಂಬಿಕೆ. ವಾರದ ಐದು ರಾತ್ರಿಯೂ ಹೀಗೇ ಆದರೆ ಪೊಟ್ಟಣ ಬದಲಿಸುವುದಕ್ಕಿಂತ ದಿನಚರಿ ಬದಲಿಸುವ ದಾರಿ ಹುಡುಕುವುದು ಒಳ್ಳೆಯದು.

ಕೊಳ್ಳುವಾಗಿನ ಎಚ್ಚರವೂ ಅಷ್ಟೇ ಅಗತ್ಯ. ಒಮ್ಮೆ ನಾವು ಮನೆಗೆ ತರಿಸಿಕೊಂಡ ಬಟಾಣಿಯ ಚೀಲ ಇಟ್ಟಿಗೆಯಂತೆ ಒಂದೇ ಗಟ್ಟಿಯಾಗಿತ್ತು, ಒಳಬದಿಗೆ ಹಿಮದ ಪುಡಿ ದಪ್ಪನಾಗಿ ಹತ್ತಿತ್ತು. ಬಟಾಣಿಯನ್ನು ಹೆಪ್ಪುಗಟ್ಟಿಸುವುದು ಬಿಡಿಬಿಡಿಯಾಗಿ. ಚೀಲ ಅಲ್ಲಾಡಿಸಿದರೆ ಕಾಳುಗಳು ಗಲಗಲ ಸದ್ದು ಮಾಡಬೇಕು. ಗಟ್ಟಿಯಾಗಿ ಅಂಟಿಕೊಂಡಿದೆ ಎಂದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿರುವ ಸಂಭವ ಹೆಚ್ಚು. ಹೆಪ್ಪುಗಟ್ಟಿಸುವುದರಿಂದ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ಸುಮ್ಮನಿರುತ್ತವೆ ಅಷ್ಟೆ. ಕರಗಿದ ಗಳಿಗೆಯಿಂದ ಮತ್ತೆ ಬೆಳೆಯತೊಡಗುತ್ತವೆ. ನಾವು ಆ ಚೀಲವನ್ನು ಹಿಂದಿರುಗಿಸಿದೆವು. ಅಂದಿನಿಂದ ಅಂಗಡಿಯಲ್ಲಿ ಉಳಿದ ಸಾಮಾನೆಲ್ಲ ಆರಿಸಿದ ಮೇಲೆ ಕೊನೆಯಲ್ಲಿ ಫ್ರೀಜರಿನ ಕಡೆ ಹೋಗುತ್ತೇವೆ, ದಪ್ಪ ಚೀಲದಲ್ಲಿ ಹಾಕಿಕೊಂಡು ನೇರ ಮನೆಗೆ ಬರುತ್ತೇವೆ.

ಮನೆಯ ಫ್ರೀಜರು ಸಾಕಷ್ಟು ತಣ್ಣಗಿದೆಯೇ ಎಂದು ತಿಳಿಯಲು ಐಸ್‌ಕ್ರೀಮ್ ನೋಡಿದರೆ ಸಾಕು. ಅದು ಚಮಚಕ್ಕೆ ಸಲೀಸಾಗಿ ಸಿಗುವಷ್ಟು ಮೆತ್ತಗಿದ್ದರೆ ಮೈನಸ್ 18 ಇಲ್ಲ. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನ ಐಸ್ ಪೆಟ್ಟಿಗೆ ಹಲವೊಮ್ಮೆ ಅಷ್ಟು ತಣ್ಣಗಾಗುವುದಿಲ್ಲ, ಅದರಲ್ಲಿ ತಿಂಗಳುಗಟ್ಟಲೆ ಏನನ್ನೂ ಇಡಬೇಡಿ. ಪ್ರತ್ಯೇಕ ಬಾಗಿಲಿನ ಫ್ರೀಜರು ತುಂಬಿದ್ದು, ಕರೆಂಟ್ ಹೋದಾಗ ಬಾಗಿಲು ತೆರೆಯದೇ ಇದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಚಳಿಯನ್ನು ಹಿಡಿದಿಡುತ್ತದೆ.

ಬಿಸಿ ಮಾಡುವಾಗ ಸಿದ್ಧ ಊಟದ ನಡುಭಾಗ 74 ಡಿಗ್ರಿ ಮುಟ್ಟಬೇಕು, ಅಂದರೆ ನಡುವಿನಿಂದಲೂ ಹಬೆ ಏಳಬೇಕು. ಮೈಕ್ರೋವೇವ್ ಎಲ್ಲ ಕಡೆ ಒಂದೇ ಸಮ ಕಾಯಿಸುವುದಿಲ್ಲವಾದ್ದರಿಂದ ಅರ್ಧ ಸಮಯಕ್ಕೆ ನಿಲ್ಲಿಸಿ ಕೆದಕಿ, ಮುಗಿದ ಮೇಲೆ ಎರಡು ನಿಮಿಷ ಮುಚ್ಚಿಡಿ. ಪ್ಲಾಸ್ಟಿಕ್ ತಟ್ಟೆಯ ಮೇಲೆ ಮೈಕ್ರೋವೇವಿಗೆ ಯೋಗ್ಯವೆಂದು ಬರೆದಿಲ್ಲದಿದ್ದರೆ ಗಾಜಿನ ಬಟ್ಟಲಿಗೆ ಬಗ್ಗಿಸಿಕೊಳ್ಳಿ. ಮಾಂಸ, ಮೀನನ್ನು ಅಡುಗೆಕಟ್ಟೆಯ ಮೇಲಿಟ್ಟು ಕರಗಿಸಬಾರದು, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿರಬೇಕು.

ಅಮೆರಿಕದಲ್ಲಿರುವ ನಮ್ಮವರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಅಲ್ಲಿಯ ಭಾರತೀಯ ಅಂಗಡಿಗಳ ಫ್ರೀಜರಿನಲ್ಲಿ ತೆಂಗಿನ ತುರಿ, ಮೆಂತ್ಯದ ಸೊಪ್ಪು, ‘ಸೂರ್ತಿ ಪಾಪ್ಡಿ ಲಿಲ್ವಾ’ ಎಂಬ ಹೆಸರಿನಲ್ಲಿ ಅವರೆಕಾಳು ಕೂಡ ಸಿಗುತ್ತವೆ, ಅವನ್ನು ಧಾರಾಳವಾಗಿ ಕೊಳ್ಳಬಹುದು. ಸಿದ್ಧ ಊಟದ ಪೆಟ್ಟಿಗೆಯಾದರೆ ಅಲ್ಲಿಯ ಲೇಬಲ್ಲಿನಲ್ಲಿ ದಿನದ ಪಾಲಿನ ಶೇಕಡಾವಾರು ಇರುತ್ತದೆ: ಸೋಡಿಯಂ ಮತ್ತು ಸ್ಯಾಚುರೇಟೆಡ್ ಕೊಬ್ಬಿಗೆ ಶೇಕಡಾ 5ರೊಳಗಿದ್ದರೆ ಕಡಿಮೆ, 20 ಮುಟ್ಟಿದರೆ ಹೆಚ್ಚು. ಆ ಅಂಕಿ ಒಂದು ‘ಸರ್ವಿಂಗ್’ಗೆ, ಅಂದರೆ ಒಂದು ಸಲ ಬಡಿಸುವ ಪಾಲಿಗೆ ಮಾತ್ರ ಅನ್ವಯಿಸುವುದರಿಂದ ಪೆಟ್ಟಿಗೆಯಲ್ಲಿ ಎಷ್ಟು ಸರ್ವಿಂಗ್ ಇವೆ ಎಂದು ಮೊದಲು ನೋಡಿ.

ಕಡೆಯದಾಗಿ, ಎಲ್ಲಕ್ಕಿಂತ ಒಳ್ಳೆಯ ಫ್ರೋಜನ್ ಊಟವನ್ನು ನಾವೇ ಮಾಡಿಡಬಹುದು, ಏಕೆಂದರೆ ಅದರ ಉಪ್ಪು ನಮ್ಮ ಕೈಯಲ್ಲೇ ಇರುತ್ತದೆ. ಭಾನುವಾರ ಹುಳಿಯನ್ನೋ ಕಾಳಿನ ಸಾರನ್ನೋ ಎರಡು ಪಾಲು ಹೆಚ್ಚು ಮಾಡಿ, ಆಲೂಗಡ್ಡೆ ಮಾತ್ರ ಹಾಕಬೇಡಿ; ಹೆಪ್ಪುಗಟ್ಟಿ ಕರಗಿದ ಮೇಲೆ ಅದು ಮರಳುಮರಳಾಗುತ್ತದೆ. ದೊಡ್ಡ ಪಾತ್ರೆಯಲ್ಲೇ ಬಿಡದೆ ಅಗಲವಾದ ಸಣ್ಣ ಡಬ್ಬಿಗಳಿಗೆ ಹಂಚಿ, ಆರಿಸಿ, ಎರಡು ಗಂಟೆಯೊಳಗೆ ಫ್ರೀಜರಿಗೆ ಸೇರಿಸಿ. ಅನ್ನವನ್ನು ಇನ್ನೂ ಬೇಗ ಆರಿಸಬೇಕು, ಏಕೆಂದರೆ ಬೆಚ್ಚಗಿರುವ ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ದ್ರವ ಹೆಪ್ಪುಗಟ್ಟಿದಾಗ ಹಿಗ್ಗುವುದರಿಂದ ಡಬ್ಬಿಯಲ್ಲಿ ಒಂದು ಬೆರಳಿನಷ್ಟು ಜಾಗ ಬಿಡಿ. ಮುಚ್ಚಳದ ಮೇಲೆ ಹೆಸರು ಮತ್ತು ದಿನಾಂಕ ಬರೆದ ಚೀಟಿ ಅಂಟಿಸಿ, ಎರಡು ಮೂರು ತಿಂಗಳೊಳಗೆ ಬಳಸಿ, ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಫ್ರೀಜರಿಗೆ ಇಡಬೇಡಿ.