ಪ್ರೀಸೇಲ್ ಕೋಡ್ ಬಂತಾ? ಟಿಕೆಟ್ ಇನ್ನೂ ಬಂದಿಲ್ಲ

ದೊಡ್ಡ ಸಂಗೀತ ಕಾರ್ಯಕ್ರಮದ ಟಿಕೆಟ್‌ಗಳನ್ನು ಎಲ್ಲರಿಗೂ ತೆರೆಯುವ ಮೊದಲೇ ಆಯ್ದ ಕೆಲವರಿಗೆ ಮಾರೋದೇ ಪ್ರೀಸೇಲ್, ಅದಕ್ಕೆ ಒಳಗೆ ಬಿಡೋಕೆ ಕಳಿಸೋದೇ ಕೋಡ್. ಮೊದಲ ಸಲ ಪ್ರೀಸೇಲ್ ಕೋಡ್ ಬಂದ ದಿನ ನಾನು ಗೆಳೆಯರಿಗೆಲ್ಲ ಮೆಸೇಜ್ ಹಾಕಿ, ಯಾವ ಬಟ್ಟೆ ಹಾಕಿಕೊಂಡು ಹೋಗೋದು ಅನ್ನೋವರೆಗೂ ಮಾತಾಡಿ ಮುಗಿಸಿದ್ದೆ. ಮರುದಿನ ಎರಡು ಗಂಟೆ ಸೈಟಿನ ಕ್ಯೂನಲ್ಲಿ ಕೂತೆ. ಸೀಟೂ ಸಿಕ್ಕಿತು, ಕಾರ್ಟ್‌ಗೂ ಬಂತು. ಬ್ಯಾಂಕಿನ ಓಟಿಪಿ ಬರುವಷ್ಟರಲ್ಲಿ ಟೈಮ್ ಮುಗಿದು ಸೀಟು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದೇ. ಆಮೇಲೆ ಇನ್ನೂ ನಾಲ್ಕೈದು ಪ್ರೀಸೇಲ್ ನೋಡಿದ್ದೇನೆ. ಕೆಲವು ಸಲ ಸಿಕ್ಕಿದೆ, ಕೆಲವು ಸಲ ಇಲ್ಲ.

ಕೋಡ್ ಅಂದ್ರೆ ಟಿಕೆಟ್ ಅಲ್ಲ, ಸಾಲಿನಲ್ಲಿ ನಿಲ್ಲೋಕೆ ಕೊಟ್ಟ ಚೀಟಿ ಅಷ್ಟೇ. 2022ರ ನವೆಂಬರ್‌ನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಅವರ ಅಮೆರಿಕ ಪ್ರವಾಸದ ಪ್ರೀಸೇಲ್‌ಗೆ ಟಿಕೆಟ್ ಮಾರುವ ಸೈಟ್ ಟಿಕೆಟ್‌ಮಾಸ್ಟರ್‌ನಲ್ಲಿ ಸುಮಾರು 35 ಲಕ್ಷ ಜನ ಹೆಸರು ಕೊಟ್ಟಿದ್ದರು, ಕೋಡ್ ಹೋಗಿದ್ದು ಸುಮಾರು 15 ಲಕ್ಷ ಜನಕ್ಕೆ. ಆದರೆ ಮಾರಾಟದ ದಿನ ಕೋಡ್ ಇಲ್ಲದವರೂ ಬಾಟ್‌ಗಳೂ (ಮನುಷ್ಯರ ಬದಲು ತಾವೇ ಟಿಕೆಟ್ ಕೊಳ್ಳೋಕೆ ನೋಡುವ ಪ್ರೋಗ್ರಾಂಗಳು) ಒಟ್ಟಿಗೆ ನುಗ್ಗಿ ಸೈಟೇ ಏದುಸಿರು ಬಿಟ್ಟಿತು, ಕೊನೆಗೆ ಎಲ್ಲರಿಗೂ ತೆರೆಯಬೇಕಿದ್ದ ಮಾರಾಟವನ್ನೇ ರದ್ದು ಮಾಡಿದರು. ಕೋಡ್ ಕೈಯಲ್ಲಿ ಹಿಡಿದುಕೊಂಡೇ ಎಷ್ಟೋ ಜನ ಬರಿಗೈಯಲ್ಲಿ ಉಳಿದರು. ಹಾಗಾಗಿ ನಿಮಗೆ ಸಿಗದಿದ್ದರೆ ಅದು ನಿಮ್ಮ ದಡ್ಡತನ ಅಂದುಕೊಳ್ಳಬೇಡಿ. ನಮ್ಮ ಕೈಯಲ್ಲಿರೋದು ಸ್ವಲ್ಪ. ಅದನ್ನಾದರೂ ಸರಿಯಾಗಿ ಮಾಡೋಣ.

ಹಿಂದಿನ ರಾತ್ರಿಯೇ ಅಕೌಂಟ್‌ಗೆ ಲಾಗಿನ್ ಆಗಿ ನೋಡಿ. ಪಾಸ್‌ವರ್ಡ್ ಮರೆತಿರೋದು ಗೊತ್ತಾಗೋದು ಯಾವಾಗಲೂ ಮಾರಾಟ ಶುರುವಾದ ಮೇಲೆಯೇ. ಕಾರ್ಡ್ ವಿವರ ಸೇವ್ ಮಾಡಿ, ಆನ್‌ಲೈನ್ ಪಾವತಿ ಆನ್ ಇದೆಯಾ, ದಿನದ ಮಿತಿ ಸಾಕಾ, ಹೊರದೇಶದ ಶೋ ಆದರೆ ಅಂತರರಾಷ್ಟ್ರೀಯ ಪಾವತಿಗೆ ಅನುಮತಿ ಇದೆಯಾ ಅಂತ ನೋಡಿ. ಕಾರ್ಡ್‌ದಾರರಿಗೆ ಅಂತಲೇ ಇರುವ ಪ್ರೀಸೇಲ್ ಆದರೆ ಸಾಮಾನ್ಯವಾಗಿ ಅದೇ ಕಾರ್ಡ್‌ನಲ್ಲೇ ದುಡ್ಡು ಕಟ್ಟಬೇಕು, ಬೇರೆಯದು ನಡೆಯಲ್ಲ. ಕೋಡ್ ಕಾಪಿ ಮಾಡುವಾಗ ಕೊನೆಗೆ ಒಂದು ಖಾಲಿ ಜಾಗ ಅಂಟಿಕೊಂಡು ಬಂದರೂ ತಪ್ಪು ಅನ್ನುವ ಸೈಟ್‌ಗಳಿವೆ. ಶುರುವಾಗೋ ಸಮಯ ಯಾವ ಊರಿನ ಗಡಿಯಾರದ್ದು ಅನ್ನೋದನ್ನೂ ಇನ್ನೊಮ್ಮೆ ನೋಡಿ.

ಕ್ಯೂ ವಿಷಯಕ್ಕೆ ಬರೋಣ, ಜನ ಜಾಸ್ತಿ ತಪ್ಪು ತಿಳಿಯೋದು ಇಲ್ಲೇ. ಮೂರು ಗಂಟೆ ಮುಂಚೆ ಬಂದು ಕೂತರೆ ಮುಂದಿನ ನಂಬರ್ ಸಿಗುತ್ತೆ ಅನ್ನೋದು ಎಷ್ಟೋ ಸೈಟ್‌ಗಳಲ್ಲಿ ಸುಳ್ಳು. ಅಲ್ಲಿ ಮಾರಾಟ ಶುರುವಾಗುವ ಹೊತ್ತಿಗೆ ಸೈಟಿನ ವೇಟಿಂಗ್ ರೂಮ್‌ನಲ್ಲಿ, ಅಂದ್ರೆ ಕಾಯುವ ಪುಟದಲ್ಲಿ, ಇರುವವರಿಗೆಲ್ಲ ಚೀಟಿ ಎತ್ತಿದ ಹಾಗೆ ನಂಬರ್ ಹಂಚುತ್ತಾರೆ, ಆಮೇಲೆ ಬಂದವರು ಅವರ ಹಿಂದೆ. ಹಾಗಾಗಿ ಹತ್ತು ಹದಿನೈದು ನಿಮಿಷ ಮುಂಚೆ ಒಳಗಿದ್ದರೆ ಸಾಕು, ಒಂದು ನಿಮಿಷ ತಡವಾದರೆ ಮಾತ್ರ ಕಷ್ಟ. ಒಳಗೆ ಹೋದ ಮೇಲೆ ರಿಫ್ರೆಶ್ ಒತ್ತಬೇಡಿ. ಕೈ ಕಡಿಯುತ್ತೆ ಗೊತ್ತು, ಆದರೂ ಬೇಡ, ಜಾಗ ಹೋಗಬಹುದು. ಒಂದೇ ಅಕೌಂಟ್‌ನಲ್ಲಿ ಐದಾರು ಟ್ಯಾಬ್ ತೆರೆಯೋದು, ವಿಪಿಎನ್ (ನೀವು ಎಲ್ಲಿದ್ದೀರಿ ಅನ್ನೋದನ್ನು ಮರೆಮಾಡುವ ಆ್ಯಪ್) ಹಾಕೋದು ಎರಡನ್ನೂ ಬಿಡಿ. ನಿಮ್ಮನ್ನೇ ಬಾಟ್ ಅಂದುಕೊಂಡು ಹೊರಗೆ ಹಾಕಿದರೆ ಯಾರ ಹತ್ತಿರ ಜಗಳ ಆಡ್ತೀರಾ?

ನಿಮ್ಮ ಸರದಿ ಬಂದಾಗ ಸೀಟುಗಳ ಮ್ಯಾಪ್‌ನಲ್ಲಿ ಒಂದೊಂದೇ ಚುಕ್ಕೆ ಒತ್ತುತ್ತಾ ಕೂರಬೇಡಿ. ಅದೇ ಚುಕ್ಕೆಯನ್ನು ಅದೇ ಕ್ಷಣಕ್ಕೆ ನೂರಾರು ಜನ ಒತ್ತುತ್ತಿರುತ್ತಾರೆ, ಅದಕ್ಕೇ ಸೀಟು ಕಂಡರೂ ಕೈಗೆ ಸಿಗಲ್ಲ. ಸೈಟೇ ಆರಿಸಿಕೊಡುವ ಆಯ್ಕೆ ಇದ್ದರೆ ಅದನ್ನು ತಗೊಳ್ಳಿ. ನಾಲ್ಕು ಒಟ್ಟಿಗೆ ಸಿಗದಿದ್ದರೆ ಎರಡೆರಡು ನೋಡಿ. ಒಂಟಿ ಸೀಟು ಎಷ್ಟೋ ಸಲ ಕೊನೆವರೆಗೂ ಉಳಿದಿರುತ್ತೆ.

ದುಡ್ಡಿನ ಮಿತಿಯನ್ನು ಮೊದಲೇ ಕಾಗದದಲ್ಲಿ ಬರೆದಿಡಿ, ಶುಲ್ಕ ಎಲ್ಲ ಸೇರಿಸಿ. ಬೇಡಿಕೆ ಏರಿದ ಹಾಗೆ ಬೆಲೆ ಏರುವ ಪದ್ಧತಿ ಈಗ ಹಲವು ಕಡೆ ಇದೆ. 2024ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ರಾಕ್ ಬ್ಯಾಂಡ್ ಓಯಾಸಿಸ್‌ನ ಟಿಕೆಟ್ ಮಾರಾಟದಲ್ಲಿ ಗಂಟೆಗಟ್ಟಲೆ ಕಾದವರು ಒಳಗೆ ಹೋಗಿ ನೋಡಿದರೆ ನಿಂತು ನೋಡುವ ಟಿಕೆಟ್‌ನ ಬೆಲೆ ಎರಡು ಪಟ್ಟಿಗೂ ಮೇಲೆ ಹೋಗಿತ್ತು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ತನಿಖೆಗೇ ಇಳಿಯಿತು. ಅಷ್ಟು ಹೊತ್ತು ಕಾದಿದ್ದೀನಲ್ಲ ಅನ್ನೋ ಹಠಕ್ಕೆ ಎಷ್ಟೋ ಜನ ಕೊಂಡುಬಿಡುತ್ತಾರೆ. ನಾನೂ ಒಮ್ಮೆ ಹಾಗೆ ಕೊಂಡು ತಿಂಗಳುಗಟ್ಟಲೆ ಬೈದುಕೊಂಡಿದ್ದೇನೆ.

ಏನೂ ಸಿಗಲಿಲ್ಲವಾ? ಅದೇ ರಾತ್ರಿ ಮರುಮಾರಾಟದ ಸೈಟ್‌ಗೆ ಹೋಗಬೇಡಿ, ಆಗ ನಿಮ್ಮಂಥವರೆಲ್ಲ ಅಲ್ಲೇ ಇರುತ್ತಾರೆ. ಅಲ್ಲಿ ಮಾರುವ ಕೆಲವರ ಹತ್ತಿರ ಇನ್ನೂ ಟಿಕೆಟ್ಟೇ ಇರಲ್ಲ, ಸುಮ್ನೆ ಬೆಲೆ ಹಾಕಿ ಕೂತಿರುತ್ತಾರೆ. ಪ್ರೀಸೇಲ್‌ಗೆ ಎಲ್ಲ ಸೀಟನ್ನೂ ಇಡಲ್ಲ. ಸಾಮಾನ್ಯ ಮಾರಾಟಕ್ಕೆ ಒಂದಿಷ್ಟು, ಪ್ರಾಯೋಜಕರಿಗೆ ಒಂದಿಷ್ಟು, ಕಲಾವಿದರ ಕಡೆಯವರಿಗೆ ಒಂದಿಷ್ಟು ಎತ್ತಿಟ್ಟಿರುತ್ತಾರೆ. ವೇದಿಕೆ, ಸ್ಪೀಕರ್ ಎಲ್ಲಿ ಬರುತ್ತೆ ಅನ್ನೋದು ಪಕ್ಕಾ ಆದ ಮೇಲೆ ತಡೆದಿಟ್ಟ ಸೀಟುಗಳೂ ಹೊರಗೆ ಬರುತ್ತವೆ, ಎಷ್ಟೋ ಸಲ ಯಾವ ಘೋಷಣೆಯೂ ಇಲ್ಲದೆ. ಶೋ ವಾರದಲ್ಲಿ ಅಧಿಕೃತ ಸೈಟನ್ನು ದಿನಕ್ಕೆ ಎರಡು ಮೂರು ಸಲ ತೆರೆದು ನೋಡಿ. ನನಗೆ ಸಿಕ್ಕ ಅತಿ ಒಳ್ಳೆಯ ಸೀಟು ಶೋಗೆ ಎರಡು ದಿನ ಇದ್ದಾಗ, ಮಧ್ಯಾಹ್ನ ಸುಮ್ನೆ ಫೋನ್ ನೋಡುತ್ತಿದ್ದಾಗ ಸಿಕ್ಕಿದ್ದು. ಆ ಹೊತ್ತಿಗೆ ಸೈಟ್‌ನಲ್ಲಿ ಕ್ಯೂ ಕೂಡ ಇರಲಿಲ್ಲ.