ಸಿದ್ಧಾಂತಗಳನ್ನು ಜಗಳಕ್ಕೆ ಬಿಟ್ಟು ಓದಿ

ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ.ಗೆ ಸೇರಿದ ಹೊಸತರಲ್ಲಿ ಹೆಚ್ಚಿನವರು ಒಂದು ಪಟ್ಟಿ ಮಾಡಿಕೊಳ್ಳುತ್ತಾರೆ. ಎಡಗಡೆ ವಾಸ್ತವವಾದ (ಬಲವೇ ಮುಖ್ಯ ಎನ್ನುವುದು), ಉದಾರವಾದ (ಸಂಸ್ಥೆಗಳಿಂದ ಸಹಕಾರ ಸಾಧ್ಯ ಎನ್ನುವುದು), ರಚನಾವಾದ (ದೇಶಗಳು ಒಬ್ಬರನ್ನೊಬ್ಬರು ಹೇಗೆ ಕಾಣುತ್ತವೆ ಎಂಬುದೇ ಮುಖ್ಯ ಎನ್ನುವುದು), ಮಾರ್ಕ್ಸ್‌ವಾದ. ಬಲಗಡೆ ಚಿಂತಕರ ಹೆಸರು, ಇಸವಿ, ನಾಲ್ಕು ಲಕ್ಷಣ. ಪದವಿಗೆ ಇಷ್ಟು ಸಾಕಿತ್ತು. ಸ್ನಾತಕೋತ್ತರದಲ್ಲಿ ಪ್ರಶ್ನೆಯ ಧಾಟಿಯೇ ಬೇರೆ. 'ಶೀತಲ ಸಮರ ಮುಗಿದ ಮೇಲೂ ನ್ಯಾಟೊ ಯಾಕೆ ಉಳಿಯಿತು? ಇದರಿಂದ ನವವಾಸ್ತವವಾದಕ್ಕೆ ಪೆಟ್ಟು ಬಿತ್ತೇ?' ಎಂದು ಕೇಳುತ್ತಾರೆ. (ನ್ಯಾಟೊ ಎಂದರೆ ಅಮೆರಿಕ, ಯುರೋಪಿನ ದೇಶಗಳ ಸೇನಾ ಮೈತ್ರಿಕೂಟ. ನವವಾಸ್ತವವಾದ ಎಂದರೆ ದೇಶಗಳ ನಡವಳಿಕೆಯನ್ನು ಜಾಗತಿಕ ವ್ಯವಸ್ಥೆಯ ರಚನೆಯಿಂದ ವಿವರಿಸುವ ವಾಸ್ತವವಾದ.) ಅಲ್ಲಿ ಪಟ್ಟಿ ಕೈಕೊಡುತ್ತದೆ. ಇಲ್ಲಿನ ಒಂದೊಂದು ಸಿದ್ಧಾಂತವೂ ಇನ್ನೊಂದಕ್ಕೆ ಎದುರುತ್ತರವಾಗಿ ಹುಟ್ಟಿದ್ದು. ಆ ಜಗಳ ಗೊತ್ತಾಗದೆ ಯಾವುದನ್ನೂ ಪೂರ್ತಿ ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ.

ಮೊದಲು ಪ್ರಶ್ನೆ

ಪುಸ್ತಕ ತೆರೆಯುವ ಮುಂಚೆ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ. ಯುದ್ಧ ಯಾಕೆ ಆಗುತ್ತದೆ? ಬಲಿಷ್ಠ ದೇಶಗಳೂ ಒಪ್ಪಂದಗಳನ್ನು ಯಾಕೆ ಪಾಲಿಸುತ್ತವೆ? ಇಂಥ ಪ್ರಶ್ನೆ ಒಂದಿದ್ದರೆ ಓದಿದ್ದೆಲ್ಲ ಅದರ ಸುತ್ತ ಬಂದು ಕೂರುತ್ತದೆ.

ಯುದ್ಧದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಕೆನೆತ್ ವಾಲ್ಟ್ಸ್ 1959ರಲ್ಲಿ ಇದಕ್ಕೆ ಸಿಕ್ಕ ಉತ್ತರಗಳನ್ನು ಮೂರು ಮಟ್ಟದಲ್ಲಿ ವಿಂಗಡಿಸಿದರು. ಮನುಷ್ಯನ ಸ್ವಭಾವ ಒಂದು. ದೇಶದ ಒಳಗಿನ ವ್ಯವಸ್ಥೆ ಎರಡನೆಯದು. ದೇಶಗಳ ನಡುವಿನ ವ್ಯವಸ್ಥೆ ಮೂರನೆಯದು. ಮುಂದೆ ಏನೇ ಓದಿದರೂ 'ಈ ಲೇಖಕ ಯಾವ ಮಟ್ಟದಲ್ಲಿ ನಿಂತು ಮಾತಾಡುತ್ತಿದ್ದಾರೆ' ಎಂದು ಕೇಳಿಕೊಳ್ಳಿ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಜಾಸ್ತಿ ಗೊಂದಲ ಆಗುವುದು ಇಲ್ಲೇ. ಒಬ್ಬ ನಾಯಕನ ಹಟಮಾರಿತನದಿಂದ ಶುರು ಮಾಡಿ, ಎರಡೇ ಸಾಲಿನಲ್ಲಿ ಇಡೀ ಜಾಗತಿಕ ವ್ಯವಸ್ಥೆಗೆ ಜಿಗಿದುಬಿಡುತ್ತಾರೆ.

ಅರಾಜಕತೆಯನ್ನು ಬಿಡದೆ ಹಿಡಿದುಕೊಳ್ಳಿ

ಪರಿಕಲ್ಪನೆಗಳು ಹತ್ತಾರಿವೆ. ಎಲ್ಲವನ್ನೂ ಒಂದೇ ಸಲ ಹಿಡಿಯಲು ಹೋಗಬೇಡಿ. ಅರಾಜಕತೆಯಿಂದ ಶುರು ಮಾಡಿ. ದೇಶಗಳ ಮೇಲೆ ಅಧಿಕಾರ ನಡೆಸುವ ಇನ್ನೊಂದು ಸರ್ಕಾರ ಇಲ್ಲ ಎಂಬುದಷ್ಟೇ ಇಲ್ಲಿ ಇದರ ಅರ್ಥ. ಕಷ್ಟ ಬಂದರೆ ಯಾರಿಗೆ ದೂರು ಕೊಡುವುದು? ಭದ್ರತಾ ಮಂಡಳಿ ಇದೆ, ನಿಜ. ಆದರೆ ಅದರ ಐದು ಕಾಯಂ ಸದಸ್ಯರಲ್ಲಿ ಒಬ್ಬರು ವಿಟೊ ಹಾಕಿದರೂ ಮಹತ್ವದ ನಿರ್ಣಯ ಬಿದ್ದುಹೋಗುತ್ತದೆ.

ಇದು ತಲೆಗೆ ಹೋದರೆ ಉಳಿದ ಪದಗಳು ಒಂದರ ಹಿಂದೆ ಒಂದು ಬರುತ್ತವೆ. ಕಾಪಾಡುವವರು ಯಾರೂ ಇಲ್ಲ, ಹಾಗಾಗಿ ಸ್ವಸಹಾಯ. ನಾನು ನನ್ನ ರಕ್ಷಣೆಗೆಂದು ಆಯುಧ ಕೂಡಿಸಿದರೆ ಪಕ್ಕದ ದೇಶಕ್ಕೆ ಭಯ. ಅದೂ ಕೂಡಿಸುತ್ತದೆ. ಕೊನೆಗೆ ಇಬ್ಬರ ಭದ್ರತೆಯೂ ಕಡಿಮೆಯಾಗುತ್ತದೆ. ಜಾನ್ ಹರ್ಟ್ಸ್ 1950ರಲ್ಲಿ 'ಭದ್ರತಾ ಇಕ್ಕಟ್ಟು' ಎಂದು ಹೆಸರಿಟ್ಟದ್ದು ಇದಕ್ಕೇ. ಇಲ್ಲಿ ಯಾರೂ ಕೆಟ್ಟವರಾಗಿರಬೇಕಿಲ್ಲ ಎಂಬುದೇ ಈ ವಾದದ ತಿರುಳು. ರಾಬರ್ಟ್ ಜೆರ್ವಿಸ್ 1978ರಲ್ಲಿ ಇದನ್ನು ಇನ್ನಷ್ಟು ಚೂಪು ಮಾಡಿದರು. ದಾಳಿಯ ಆಯುಧ ಯಾವುದು, ರಕ್ಷಣೆಯದು ಯಾವುದು ಎಂದು ಬೇರೆ ಮಾಡಿ ನೋಡಲು ಆಗುತ್ತದೆಯೇ? ದಾಳಿ ಸುಲಭವೇ, ರಕ್ಷಣೆ ಸುಲಭವೇ? ಇವುಗಳ ಮೇಲೆ ಇಕ್ಕಟ್ಟು ಬಿಗಿಯಾಗುತ್ತದೆ, ಇಲ್ಲವೇ ಸಡಿಲವಾಗುತ್ತದೆ ಎಂದರು. ಎಂ.ಎ. ಮಟ್ಟದ ಉತ್ತರಕ್ಕೆ ವ್ಯಾಖ್ಯಾನ ಸಾಲದು. 'ಯಾವಾಗ ಜಾಸ್ತಿ, ಯಾವಾಗ ಕಡಿಮೆ' ಎನ್ನುವುದೂ ಬೇಕು.

ಸಾರ್ವಭೌಮತ್ವದ ಬಗ್ಗೆ ಒಂದು ಎಚ್ಚರಿಕೆ. 1648ರಲ್ಲಿ ಯುರೋಪಿನ ಮೂವತ್ತು ವರ್ಷಗಳ ಯುದ್ಧ ಮುಗಿಸಿದ ವೆಸ್ಟ್‌ಫಾಲಿಯಾ ಒಪ್ಪಂದಗಳಿಂದಲೇ ಸಾರ್ವಭೌಮ ರಾಷ್ಟ್ರಗಳ ಕಾಲ ಶುರುವಾಯಿತು ಎನ್ನುವುದು ಪಠ್ಯಪುಸ್ತಕಗಳ ಮಾಮೂಲಿ ಮಾತು. ಇದು ನಂತರದವರು ಕಟ್ಟಿದ ಕಥೆ ಎಂದು ವಾದಿಸುವ ವಿದ್ವಾಂಸರಿದ್ದಾರೆ. ಹಾಗಾಗಿ ಈ ಇಸವಿಯನ್ನು ಕಣ್ಣು ಮುಚ್ಚಿ ಬರೆಯಬೇಡಿ.

ಮೂಲ ಬರಹಗಳು, ಸರಿಯಾದ ಸಾಲಿನಲ್ಲಿ

ಗೈಡುಗಳು ಪರೀಕ್ಷೆಯ ಹಿಂದಿನ ವಾರಕ್ಕೆ ಸರಿ. ಅದಕ್ಕೂ ಮುಂಚೆ ಮೂಲ ಬರಹಗಳನ್ನೇ ಓದಿ, ಸಾಧ್ಯವಾದರೆ ಈ ಸಾಲಿನಲ್ಲಿ. ಮೊದಲು ಮಾರ್ಗೆಂಥಾವ್, 1948. ಅವರಿಗೆ ರಾಜಕೀಯದ ಬೇರು ಇರುವುದು ಮನುಷ್ಯ ಸ್ವಭಾವದಲ್ಲಿ. ಆಮೇಲೆ ವಾಲ್ಟ್ಸ್, 1979. ಸ್ವಭಾವ ಬಿಡಿ, ವ್ಯವಸ್ಥೆಯ ರಚನೆ ನೋಡಿ ಎನ್ನುತ್ತಾರೆ. ನವವಾಸ್ತವವಾದ ಎನ್ನುವುದು ಇದನ್ನೇ. ಮುಂದೆ ಉದಾರವಾದಿ ರಾಬರ್ಟ್ ಕಿಯೊಹೇನ್, 1984. ಇವರ ಜಾಣತನ ನೋಡಿ: ಅರಾಜಕತೆ ಇದೆ, ದೇಶಗಳು ಸ್ವಾರ್ಥಿಗಳು ಎಂದು ವಾಸ್ತವವಾದಿಗಳ ಮಾತನ್ನೇ ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡೇ, ಸಂಸ್ಥೆಗಳು ಮಾಹಿತಿ ಕೊಟ್ಟು ಮೋಸದ ಭಯ ಕಡಿಮೆ ಮಾಡಿದರೆ ಸಹಕಾರ ಸಾಧ್ಯ ಎಂದು ತೋರಿಸುತ್ತಾರೆ. ಅದಕ್ಕೆ ವಾಸ್ತವವಾದಿ ಜೋಸೆಫ್ ಗ್ರೀಕೊ 1988ರಲ್ಲಿ ಕೊಟ್ಟ ಮರುತ್ತರ: ಮೋಸದ ಭಯ ಒಂದೇ ಅಲ್ಲ, ನನಗಿಂತ ಅವನಿಗೆ ಜಾಸ್ತಿ ಲಾಭವಾದರೆ ಎಂಬ ಭಯವೂ ಇದೆಯಲ್ಲ?

ಅಷ್ಟರಲ್ಲಿ ಅಲೆಕ್ಸಾಂಡರ್ ವೆಂಟ್ 1992ರಲ್ಲಿ ಬಂದು ವಾಸ್ತವವಾದಿ, ಉದಾರವಾದಿ ಇಬ್ಬರ ಕಾಲಡಿಯ ನೆಲವನ್ನೇ ಅಲ್ಲಾಡಿಸಿದರು. ಅರಾಜಕತೆಗೆ ತನ್ನದೇ ಆದ ಒಂದು ತರ್ಕ ಇಲ್ಲ, ದೇಶಗಳು ಅದನ್ನು ಏನು ಮಾಡಿಕೊಳ್ಳುತ್ತವೋ ಅದೇ ಅದು ಎಂದರು. ಬ್ರಿಟನ್‌ನ 500 ಅಣ್ವಸ್ತ್ರಗಳಿಗಿಂತ ಉತ್ತರ ಕೊರಿಯಾದ 5 ಅಣ್ವಸ್ತ್ರಗಳು ಅಮೆರಿಕಕ್ಕೆ ಜಾಸ್ತಿ ಭಯ ಹುಟ್ಟಿಸುತ್ತವೆ ಎನ್ನುವುದು 1995ರಲ್ಲಿ ಅವರೇ ಕೊಟ್ಟ ಉದಾಹರಣೆ. ಬರೀ ಆಯುಧ ಎಣಿಸಿದರೆ ಇದು ಅರ್ಥವಾಗುವುದಿಲ್ಲ, ಅಲ್ವಾ? ಸ್ನೇಹ, ಹಗೆತನ, ನಂಬಿಕೆಯ ಇತಿಹಾಸ ಎಲ್ಲ ಲೆಕ್ಕಕ್ಕೆ ಬರುತ್ತವೆ. ರಚನಾವಾದದ ಜೀವ ಇಲ್ಲಿದೆ.

ಅರಾಜಕತೆಯ ನಡುವೆಯೂ ದೇಶಗಳು ಒಂದು ಸಮಾಜದಂತೆ ನಿಯಮ ಪಾಲಿಸುತ್ತವೆ ಎನ್ನುವ ಇಂಗ್ಲಿಷ್ ಸ್ಕೂಲ್‌ಗೆ ಹೆಡ್ಲಿ ಬುಲ್ ಅವರ 1977ರ ಪುಸ್ತಕ ಸದ್ಯಕ್ಕೆ ಸಾಕು.

ಓದುವಾಗ ಪ್ರತಿ ಬರಹಕ್ಕೂ ಒಂದು ಕಾರ್ಡ್ ಮಾಡಿ. ಏನನ್ನು ವಿವರಿಸುತ್ತಿದ್ದಾರೆ? ಪಾತ್ರಧಾರಿ ಯಾರು? ಆ ಪಾತ್ರಧಾರಿಯನ್ನು ಓಡಿಸುವುದು ಏನು? ಕೊನೆಯದಾಗಿ, ಏನು ನಡೆದರೆ ಈ ವಾದ ತಪ್ಪು ಎಂದು ಒಪ್ಪಬೇಕಾಗುತ್ತದೆ? ಈ ನಾಲ್ಕನೆಯದನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ. ನನ್ನನ್ನು ಕೇಳಿದರೆ ಅಂಕ ಇರುವುದೇ ಅಲ್ಲಿ.

ನ್ಯಾಟೊ ಪ್ರಶ್ನೆಯಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ಬೆದರಿಕೆ ಹೋದರೆ ಮೈತ್ರಿಕೂಟ ಕರಗಬೇಕು, ಇದು ನವವಾಸ್ತವವಾದ ನಂಬುವ ಬಲ ಸಮತೋಲನದ ತರ್ಕ. 1991ರಲ್ಲಿ ಸೋವಿಯತ್ ಒಕ್ಕೂಟವೇ ಹೋಯಿತು, ನ್ಯಾಟೊ ಮಾತ್ರ ಬೆಳೆಯಿತು. ಸಂಸ್ಥೆ ಕಟ್ಟುವುದು ದುಬಾರಿ, ಇದ್ದದ್ದನ್ನು ಹೊಸ ಕೆಲಸಕ್ಕೆ ಹಚ್ಚುವುದು ಅಗ್ಗ ಎಂದು ಉದಾರವಾದಿಗಳು ಹೇಳಿದರು. ವಾಲ್ಟ್ಸ್ ಸುಮ್ಮನಿರಲಿಲ್ಲ. ಯುರೋಪಿನ ಮೇಲೆ ಹಿಡಿತ ಇಟ್ಟುಕೊಳ್ಳಲು ಅಮೆರಿಕವೇ ಅದನ್ನು ಉಳಿಸಿಕೊಂಡಿತು ಎಂದರು. ಇದು ಗಟ್ಟಿ ಉತ್ತರವೇ, ಇಲ್ಲ ಸಿದ್ಧಾಂತವನ್ನು ಬಚಾವ್ ಮಾಡುವ ಪ್ರಯತ್ನವೇ? ಒಳ್ಳೆಯ ಪ್ರಬಂಧ ಈ ಜಾಗದಿಂದ ಶುರುವಾಗುತ್ತದೆ.

ಒಂದೇ ಘಟನೆ, ಹಲವು ಓದು

ಒಂದು ಘಟನೆಯನ್ನು ಆರಿಸಿಕೊಂಡು ವರ್ಷವಿಡೀ ಅದನ್ನೇ ಬಳಸಿ. 1962ರ ಅಕ್ಟೋಬರ್‌ನ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ಇದಕ್ಕೆ ಹೇಳಿ ಮಾಡಿಸಿದಂತಿದೆ. ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಗುಟ್ಟಾಗಿ ಅಣು ಕ್ಷಿಪಣಿ ಇಟ್ಟದ್ದಕ್ಕೆ ಅಮೆರಿಕದೊಡನೆ ಎದ್ದ ಬಿಕ್ಕಟ್ಟು ಅದು. ದಾಖಲೆಗಳೂ ಬೇಕಾದಷ್ಟು ಸಿಗುತ್ತವೆ.

ವಾಸ್ತವವಾದ ಎರಡು ಮಹಾಶಕ್ತಿಗಳ ಬಲದ ಲೆಕ್ಕ ನೋಡುತ್ತದೆ. ಟರ್ಕಿಯಲ್ಲಿದ್ದ ಅಮೆರಿಕದ ಜುಪಿಟರ್ ಕ್ಷಿಪಣಿಗಳನ್ನು ವಾಪಸ್ ತೆಗೆಯುವ ಗುಟ್ಟಿನ ಮಾತು ಆ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಉದಾರವಾದಿ ಓದಿನಲ್ಲಿ ವಿಶ್ವಸಂಸ್ಥೆಯ ಆಗಿನ ಹಂಗಾಮಿ ಪ್ರಧಾನ ಕಾರ್ಯದರ್ಶಿ ಊ ಥಾಂಟ್ ಅವರ ಸಂಧಾನ ಮುಂದೆ ಬರುತ್ತದೆ. ರಚನಾವಾದಿಯ ಪ್ರಶ್ನೆ ಬೇರೆ: ಟರ್ಕಿಯ ಕ್ಷಿಪಣಿಗಳು 'ಸಹಜ', ಕ್ಯೂಬಾದವು 'ಸಹಿಸಲಾಗದವು' ಎಂದು ಅಮೆರಿಕಕ್ಕೆ ಅನ್ನಿಸಿದ್ದು ಹೇಗೆ?

ಗ್ರಹಾಂ ಆಲಿಸನ್ 1971ರಲ್ಲಿ ದೇಶದ ಒಳಗೇ ಇಣುಕಿದರು. ಸೋವಿಯತ್ ಸೈನಿಕರು ಕ್ಷಿಪಣಿ ನೆಲೆಗಳನ್ನು ಸರಿಯಾಗಿ ಮರೆಮಾಡಲಿಲ್ಲ. ಅಮೆರಿಕದ ಬೇಹುಗಾರಿಕೆ ವಿಮಾನಕ್ಕೆ ಅವು ಕಂಡುಬಿಟ್ಟವು. ಗುಟ್ಟಾಗಿ ಸಾಗಿಸಿದ್ದನ್ನು ಹೀಗೆ ಬಯಲಲ್ಲಿ ಇಡುತ್ತಾರೆಯೇ? ದೇಶವನ್ನು ಒಬ್ಬ ವಿವೇಕಿಯಂತೆ ನೋಡಿದರೆ ಇದು ಒಗಟು. ಸಂಸ್ಥೆಗಳು ರೂಢಿಯಂತೆ ಕೆಲಸ ಮಾಡುತ್ತವೆ ಎಂದು ನೋಡಿದರೆ ಒಗಟು ಬಿಡಿಸಿಕೊಳ್ಳುತ್ತದೆ. ಆ ಪಡೆ ತನ್ನ ನೆಲದಲ್ಲಿ ನೆಲೆ ಕಟ್ಟುತ್ತಿದ್ದ ರೀತಿಯಲ್ಲೇ ಅಲ್ಲೂ ಕಟ್ಟಿತ್ತು.

ಇನ್ನೊಂದು ಹೆಜ್ಜೆ ಹಾಕಿ. ಈ ಎಲ್ಲ ಓದಿನಲ್ಲಿ ಕ್ಯೂಬಾದವರೇ ಎಲ್ಲಿ? ವಸಾಹತೋತ್ತರ ಚಿಂತಕರು ಕೇಳುವುದು ಇದನ್ನೇ.

ವಿಮರ್ಶಾತ್ಮಕ ಸಿದ್ಧಾಂತಗಳು ಕೊನೆಯ ವಾರಕ್ಕಲ್ಲ

ಇರುವ ವ್ಯವಸ್ಥೆಯನ್ನೇ ಪ್ರಶ್ನಿಸುವ ಈ ಸಿದ್ಧಾಂತಗಳು ಪಠ್ಯಕ್ರಮದಲ್ಲಿ ಸಾಮಾನ್ಯವಾಗಿ ಕೊನೆಗೆ ಬರುತ್ತವೆ. ಪಾಪ, ಆ ಹೊತ್ತಿಗೆ ಎಲ್ಲರಿಗೂ ಸುಸ್ತು. ಆದರೆ ರಾಬರ್ಟ್ ಕಾಕ್ಸ್ 1981ರಲ್ಲಿ ಹೇಳಿದ್ದನ್ನು ಮೊದಲ ತಿಂಗಳಲ್ಲೇ ಓದುವುದು ಒಳ್ಳೆಯದು. ಸಿದ್ಧಾಂತ ಯಾವಾಗಲೂ ಯಾರಿಗೋ, ಯಾವುದೋ ಉದ್ದೇಶಕ್ಕಾಗಿ ಇರುತ್ತದೆ ಎಂದರು ಅವರು. ಸಿಂಥಿಯಾ ಎನ್‌ಲೋ 1989ರಲ್ಲಿ ಇನ್ನೊಂದು ಸರಳ ಪ್ರಶ್ನೆ ಎತ್ತಿದರು: ಹೆಂಗಸರು ಎಲ್ಲಿದ್ದಾರೆ? ಸೇನಾ ನೆಲೆಗಳ ಸುತ್ತ, ಬಾಳೆ ತೋಟಗಳಲ್ಲಿ, ರಾಯಭಾರಿಗಳ ಮನೆಗಳಲ್ಲಿ ಹುಡುಕಿದರು. ಹಳೆಯ ಸಿದ್ಧಾಂತಗಳ ಕಣ್ಣಿಗೆ ಬೀಳದ ರಾಜಕೀಯ ಅಲ್ಲೆಲ್ಲ ಸಿಕ್ಕಿತು. ಇವನ್ನು ಮೊದಲೇ ಓದಿಕೊಂಡರೆ ವಾಲ್ಟ್ಸ್ ಅವರನ್ನು ಓದುವ ರೀತಿಯೇ ಬದಲಾಗುತ್ತದೆ.

ಬರೆಯುವಾಗ

'ವಾಸ್ತವವಾದದ ಪ್ರಕಾರ... ಉದಾರವಾದದ ಪ್ರಕಾರ...' ಎಂದು ಸರದಿಯಲ್ಲಿ ಬರೆದು, ಕೊನೆಗೆ 'ಎಲ್ಲದರಲ್ಲೂ ಸತ್ಯಾಂಶವಿದೆ' ಎಂದು ಮುಗಿಸುವುದು ತುಂಬ ಕಾಣುವ ದೋಷ. ಓದುವವರಿಗೆ ಬೇಕಿರುವುದು ನಿಮ್ಮ ತೀರ್ಮಾನ. ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಉಳಿದದ್ದರಲ್ಲಿ ಅದನ್ನು ಸಮರ್ಥಿಸಿ. ಎದುರಾಳಿಯ ಅತಿ ಬಲವಾದ ವಾದವನ್ನು ಆರಿಸಿ ಉತ್ತರಿಸಿ. ದುರ್ಬಲವಾದದ್ದನ್ನು ಹೊಡೆದು ಹಾಕುವುದು ಸುಮ್ನೆ ಕಾಲಹರಣ.

ಪ್ರೌಢಪ್ರಬಂಧಕ್ಕೆ ವಿಷಯ ಆರಿಸುವಾಗಲೂ ಇದೇ ದಾರಿ. ಒಂದು ಪ್ರಕರಣ, ಎರಡು ಸಿದ್ಧಾಂತ ಸಾಕು. ಆ ಪ್ರಕರಣದಲ್ಲಿ ಎರಡೂ ಬೇರೆ ಬೇರೆ ಫಲಿತಾಂಶ ನಿರೀಕ್ಷಿಸುತ್ತವೆಯೇ ಎಂದು ಸಾರಾಂಶ ಸಲ್ಲಿಸುವ ಮುಂಚೆ ಒಂದು ಹಾಳೆಯಲ್ಲಿ ಬರೆದು ನೋಡಿ. ಎರಡೂ ಒಂದೇ ಫಲಿತಾಂಶ ಹೇಳುತ್ತಿದ್ದರೆ ಅಲ್ಲಿ ಪರೀಕ್ಷಿಸಲು ಏನೂ ಇಲ್ಲ. ಪ್ರಕರಣ ಬದಲಾಯಿಸಿ.