ಪೊಲ್ಲಿಲೂರನ್ನು ಮೇಜಿಗೆ ತಂದೆ, ಅದೂ ಸ್ಟೇಷನರಿ ಅಂಗಡಿಯ ಬಣ್ಣದಲ್ಲಿ

ಪುಟ್ಟ ಸಿಪಾಯಿ ಗೊಂಬೆಗಳನ್ನು ಮೇಜಿನ ಮೇಲೆ ನಡೆಸಿ ಆಡುವ ಯುದ್ಧದಾಟಕ್ಕೆ ಮೈಸೂರು ಸೈನ್ಯ ಕಟ್ಟಬೇಕೆಂದರೆ ಇಂಗ್ಲೆಂಡಿನಿಂದ ಲೋಹದ ಫಿಗರ್, ಅಂದರೆ ಗೊಂಬೆ, ತರಿಸಬೇಕು, ಸ್ಪೇನಿನ ಬಣ್ಣ ತರಿಸಬೇಕು, ಕಸ್ಟಮ್ಸ್ ಕಟ್ಟಬೇಕು, ಇಲ್ಲವೇ ಆಸೆ ಬಿಡಬೇಕು. ನಮ್ಮ ಗುಂಪಿನಲ್ಲಿ ಎಲ್ಲರೂ ನಂಬಿದ್ದು ಇದನ್ನೇ. ನಾನು ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಬಾಟಲಿಗಳನ್ನೂ ಬಡಗಿಗಳು ಹಚ್ಚುವ ವುಡ್ ಸ್ಟೇನನ್ನೂ ಮುಂದಿಟ್ಟುಕೊಂಡು ಕೂತಾಗ ಹಿರಿಯರೊಬ್ಬರು, "ನೋಡಪ್ಪಾ, ಇದರಲ್ಲಿ ಬಾಗಿಲಿಗೆ ಬಳೀಬಹುದು, ಸಿಪಾಯಿಗಳಿಗೆ ಆಗಲ್ಲ" ಅಂದರು. ಕಳೆದ ತಿಂಗಳು ಅದೇ ಸಿಪಾಯಿಗಳು, ಹೆಚ್ಚುಕಡಿಮೆ 600, ಆರಡಿ ಮೇಜಿನ ಮೇಲೆ ಕಂಚಿ ಹತ್ತಿರ ಹೈದರ್, ಟಿಪ್ಪು ಗೆದ್ದ ಪೊಲ್ಲಿಲೂರು ಯುದ್ಧವನ್ನು ಒಂದೇ ಸಂಜೆಯಲ್ಲಿ ಮುಗಿಸಿದರು. ಸೋತ ಈಸ್ಟ್ ಇಂಡಿಯಾ ಕಂಪನಿ ಪಡೆಯ ಕರ್ನಲ್ ಬೈಲಿಯಾಗಿ ಆಡಿದವರು ಅದೇ ಹಿರಿಯರು. ಆಟ ಮುಗಿದ ಮೇಲೆ ಅವರು ಮೊದಲು ಕೇಳಿದ್ದು ಸ್ಟೇನಿನ ಅಳತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

28 ಎಂಎಂ ಎತ್ತರದ ಫಿಗರ್ ಬೇಡ, 15 ಎಂಎಂ ಸಾಕು ಅಂತ ಮೊದಲೇ ತೀರ್ಮಾನಿಸಿದ್ದೆ. 1780ರ ಸೆಪ್ಟೆಂಬರ್ 10ರಂದು ಬೈಲಿಯ ಜೊತೆ ಸುಮಾರು 3,800 ಜನ ಇದ್ದರು. ಒಂದು ಫಿಗರಿಗೆ 20 ಜನ ಅಂತ ಹಿಡಿದರೆ ಅವನ ಕಡೆಗೇ 190 ಬೇಕು. ಹೈದರ್ ಮತ್ತು ಟಿಪ್ಪುವಿನ ಕಡೆ ಅದಕ್ಕಿಂತ ಎಷ್ಟೋ ದೊಡ್ಡದು. ಅದನ್ನು ಪೂರ್ತಿ ಇಳಿಸಲು ಮೇಜಿನಲ್ಲಿ ಜಾಗವಿಲ್ಲ, 400ಕ್ಕೆ ನಿಲ್ಲಿಸಿದೆ. ಇಷ್ಟನ್ನು ಹೊರಗಿನಿಂದ ತರಿಸಿದರೆ ಸಾಗಣೆ, ತೆರಿಗೆ ಎಲ್ಲ ಸೇರಿ ಫಿಗರಿಗೆ 80-90 ರೂಪಾಯಿ ಬೀಳುತ್ತದೆ. ಅಂದರೆ 50,000. ಬಣ್ಣದ ಖರ್ಚು ಬೇರೆ.

ನಾನು ಮಾಡಿದ್ದು ಹೀಗೆ. ಸೆಕೆಂಡ್ ಹ್ಯಾಂಡ್ ರೆಸಿನ್ 3ಡಿ ಪ್ರಿಂಟರ್ 16,000ಕ್ಕೆ ಸಿಕ್ಕಿತು. ಫಿಗರುಗಳ ವಿನ್ಯಾಸದ ಫೈಲ್‌ಗಳಿಗೆ ಎರಡೂವರೆ ಸಾವಿರ. ರೆಸಿನ್ ಎರಡು ಕೆ.ಜಿ., ಹಾಳಾದದ್ದೂ ಸೇರಿ, ಮೂರೂವರೆ ಸಾವಿರ. ತೊಳೆಯುವ ಆಲ್ಕೊಹಾಲ್ ಒಂದು ಸಾವಿರ. ಬಣ್ಣ, ಸ್ಟೇನ್, ವಾರ್ನಿಶ್, ಫಿಗರ್ ನಿಲ್ಲಿಸಲು ಲೇಸರಿನಲ್ಲಿ ಕತ್ತರಿಸಿದ ಎಂಡಿಎಫ್ ಹಲಗೆಯ ಬೇಸ್ ಎಲ್ಲಾ ಸೇರಿ ಮೂರು ಸಾವಿರದ ಆಸುಪಾಸು. ಒಟ್ಟು 26,000 ಆಯಿತು ಅಂದುಕೊಳ್ಳಿ. ಪ್ರಿಂಟರ್ ನನ್ನಲ್ಲೇ ಉಳಿಯಿತು, ಮುಂದಿನ ಸೈನ್ಯ 10,000ದಲ್ಲಿ ಆಗುತ್ತದೆ.

ಪ್ರಿಂಟಿಂಗ್ ಬಗ್ಗೆ ಎರಡೇ ಮಾತು. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ರೆಸಿನಿಗೆ ಆಗಿಬರುವುದಿಲ್ಲ. ಗಟ್ಟಿಯಾಗಿಬಿಡುತ್ತದೆ, ಪ್ರಿಂಟರಿನ ತಟ್ಟೆಯಿಂದ ಅರ್ಧ ಫಿಗರ್ ಕಿತ್ತು ಬರುತ್ತವೆ. ಬಾಟಲಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಸುರಿಯಿರಿ. ಇನ್ನು ಬಂದೂಕು. ಈ ಅಳತೆಯಲ್ಲಿ ಬಯೊನೆಟ್ ಮುಟ್ಟಿದರೆ ಮುರಿಯುತ್ತದೆ. ಫೈಲಿನಲ್ಲೇ ಬಂದೂಕನ್ನು ದಪ್ಪ ಮಾಡಿದೆ, ಬಾಗುವ ರೆಸಿನ್ ಹತ್ತಕ್ಕೆ ಒಂದು ಪಾಲು ಬೆರೆಸಿದೆ. ಈಗ ಡಬ್ಬದಲ್ಲಿ ಸುಮ್ನೆ ತುಂಬಿಕೊಂಡು ಬಸ್ಸಿನಲ್ಲಿ ಹೋದರೂ ಏನೂ ಆಗುವುದಿಲ್ಲ.

ಅಸಲಿ ವಿಷಯ ಬಣ್ಣ. ಹೊರಗಿನ 17 ಎಂಎಲ್ ಬಾಟಲಿ 300 ರೂಪಾಯಿ ಹತ್ತಿರ, ನಮ್ಮ ಅಂಗಡಿಯದು 30-35. ನಮ್ಮದು ದಪ್ಪ, ಪುಡಿ ಕಾಣುತ್ತದೆ ಅನ್ನುವುದು ಎಲ್ಲರ ದೂರು. ನಿಜ, ಒಂದೇ ಸಲ ಬಳಿದರೆ ಕಾಣುತ್ತದೆ. ನೀರಿನ ಬದಲು ಅಕ್ರಿಲಿಕ್ ಮೀಡಿಯಂ ಹಾಕಿ ತೆಳು ಮಾಡಿ, ಎರಡು ಸಲ ಬಳಿದರೆ ಮೂರಡಿ ದೂರದಿಂದ ಯಾರೂ ವ್ಯತ್ಯಾಸ ಹೇಳಲಾರರು. ಆಟ ಆಡುವುದು ಮೂರಡಿ ದೂರದಿಂದಲೇ ಅಲ್ವಾ? ಬೂದು ಪ್ರೈಮರ್, ಮೇಲಿನಿಂದ ಬಿಳಿ ಸ್ಪ್ರೇ, ಆಮೇಲೆ ಚಪ್ಪಟೆ ಬಣ್ಣ, ಕೊನೆಗೆ ಡಿಪ್. ಡಿಪ್ ಅಂದರೆ ನಿಮಗೆಲ್ಲ ಗೊತ್ತಿರುವುದೇ: ವಾಲ್‌ನಟ್ ಬಣ್ಣದ ವುಡ್ ಸ್ಟೇನನ್ನು ಪಿಯು (ಪಾಲಿಯುರೆಥೇನ್) ವಾರ್ನಿಶ್‌ನಲ್ಲಿ ಬೆರೆಸಿ ಹಚ್ಚುವುದು. ಮಡಿಕೆಗಳಲ್ಲಿ ಕಪ್ಪು ತಾನಾಗಿ ಕೂರುತ್ತದೆ.

ಇಲ್ಲಿ ನಾನು ಕಳೆದುಕೊಂಡದ್ದು ಒಂದು ಇಡೀ ಕುದುರೆಪಡೆ. ಡಿಪ್ ತೆಳು ಮಾಡಲು ಹಾರ್ಡ್‌ವೇರ್ ಅಂಗಡಿಯಲ್ಲಿ ಥಿನ್ನರ್ ಕೊಡಿ ಅಂದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಕೊಡುತ್ತಾರೆ. ಅದು ಅಕ್ರಿಲಿಕ್ ಬಣ್ಣವನ್ನು ಕರಗಿಸಿಬಿಡುತ್ತದೆ. ಸಿಲೆದಾರರ, ಅಂದರೆ ಸ್ವಂತ ಕುದುರೆ ತಂದು ಸೇರುತ್ತಿದ್ದ ಸವಾರರ, ಕೆಂಪು, ಹಳದಿ, ಹಸಿರು ಎಲ್ಲಾ ಕಲೆಸಿ ಕುದುರೆಯ ಹೊಟ್ಟೆಯ ಕೆಳಗೆ ಕೆಸರಾಗಿ ಇಳಿಯಿತು. ಟರ್ಪೆಂಟೈನ್ ಅಂತಲೇ ಹೆಸರು ಹೇಳಿ ಕೇಳಿ, ಡಬ್ಬದ ಮೇಲೆ ಓದಿ ನೋಡಿ. ಬಣ್ಣ ಪೂರ್ತಿ ಒಣಗಿ ಎರಡು ದಿನ ಬಿಟ್ಟು ಸ್ಟೇನ್ ಹಚ್ಚಿ. ಅದ್ದಿ ತೆಗೆಯಬೇಡಿ, ಬ್ರಶ್ಶಿನಲ್ಲಿ ಹಚ್ಚಿ, ಕಾಲಿನ ಬಳಿ ನಿಂತದ್ದನ್ನು ಬ್ರಶ್ಶಿನಲ್ಲೇ ಹೀರಿ ತೆಗೆಯಿರಿ.

ಕಂಪನಿ ಸಿಪಾಯಿಗಳ ಕೆಂಪು ಕೋಟಿಗೆ ಈ ಸ್ಟೇನ್ ಹೇಳಿ ಮಾಡಿಸಿದ ಹಾಗಿದೆ. ಬಿಳಿಗೆ ಆಗುವುದಿಲ್ಲ. ಎದೆಯ ಮೇಲಿನ ಅಡ್ಡಪಟ್ಟಿ ಕೊಳೆಯಾಗಿ ಕಾಣುತ್ತದೆ. ಡಿಪ್ ಒಣಗಿದ ಮೇಲೆ ಅಡ್ಡಪಟ್ಟಿಯನ್ನು ಮಾತ್ರ ಮತ್ತೆ ಬಿಳಿ ಮಾಡಿದೆ, ಸಿಪಾಯಿಯೊಬ್ಬನಿಗೆ ಎರಡು ಗೆರೆ. ಇಡೀ ಫಿಗರ್ ಇದರಿಂದ ಎದ್ದು ನಿಲ್ಲುತ್ತದೆ. ಬಿಳಿ ಬಟ್ಟೆ ಜಾಸ್ತಿ ಇರುವವರಿಗೆ ವಾಲ್‌ನಟ್ ಬೇಡ, ತೇಗದ ಬಣ್ಣದ ಸ್ಟೇನ್ ತೆಳುವಾಗಿ ಹಚ್ಚಿ. ನನ್ನ ಅಳತೆ ಎಷ್ಟು ಅಂತ ಸದ್ಯಕ್ಕೆ ನನ್ನಲ್ಲೇ ಇರಲಿ. ಹಳೇ ಫಿಗರಿನ ಮೇಲೆ ನಾಲ್ಕು ಸಲ ಹಚ್ಚಿ ನೋಡಿದರೆ ನಿಮಗೇ ಹತ್ತಿರ ಹತ್ತಿರ ಸಿಗುತ್ತದೆ.

ಮಳೆಗಾಲದಲ್ಲಿ ಮ್ಯಾಟ್ ಸ್ಪ್ರೇ, ಅಂದರೆ ಹೊಳಪಿಲ್ಲದ ವಾರ್ನಿಶ್, ಹೊಡೆಯಬೇಡಿ. ಗಾಳಿಯ ತೇವಕ್ಕೆ ಬಿಳಿ ಮಂಜು ಹಿಡಿದ ಹಾಗಾಗುತ್ತದೆ. ಬೈಲಿಯ ಕಡೆಯ ಸ್ಕಾಟಿಷ್ ಸೈನಿಕರು, ನನ್ನ ಹೈಲ್ಯಾಂಡರ್‌ಗಳಿಗೆ ಹೀಗಾಯಿತು. ಹೋಯಿತು ಅಂತ ಬಿಸಾಡಬೇಡಿ. ಮೇಲೆ ಹೊಳಪಿನ (ಗ್ಲಾಸಿ) ವಾರ್ನಿಶ್ ಒಂದು ಸಲ ಬ್ರಶ್ಶಿನಲ್ಲಿ ಹಚ್ಚಿದರೆ ಮಂಜು ಬಹುಪಾಲು ಹೋಗುತ್ತದೆ. ಬಿಸಿಲು ಬಂದ ಮಧ್ಯಾಹ್ನ ಮತ್ತೆ ಮ್ಯಾಟ್ ಹಚ್ಚಬಹುದು.

ಈಗ ಬಬ್ರಿ, ಅಂದರೆ ಹುಲಿಪಟ್ಟೆ. ಹುಲಿಪಟ್ಟೆ ಇಲ್ಲದೆ ಮೈಸೂರು ಸೈನ್ಯವೇ ಅಲ್ಲ ಅನ್ನುವವರು ಬಹಳ. ಪೊಲ್ಲಿಲೂರಿಗೆ ನಾನು ಅದನ್ನು ಹಾಕಲಿಲ್ಲ. 1780ರಲ್ಲಿ ಹೈದರ್ ಬದುಕಿದ್ದ, ಹುಲಿಪಟ್ಟೆಯ ಸಮವಸ್ತ್ರ ಟಿಪ್ಪುವಿನ ಆಳ್ವಿಕೆಯದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಇದೇ ಯುದ್ಧದ ದೊಡ್ಡ ಚಿತ್ರವಿದೆ ನಿಜ. ಪಲ್ಲಕ್ಕಿಯಲ್ಲಿ ಬೈಲಿ, ಸುತ್ತ ಚೌಕವಾಗಿ ನಿಂತ ಕೆಂಪು ಕೋಟುಗಳು, ಸಿಡಿಯುತ್ತಿರುವ ಮದ್ದಿನ ಬಂಡಿ ಎಲ್ಲವೂ ಅಲ್ಲಿದೆ. ಆದರೆ ಆ ಚಿತ್ರಕ್ಕೆ ಆಮೇಲಿನ ಕಾಲದಲ್ಲಿ ಮತ್ತೆ ಮತ್ತೆ ಬಣ್ಣ ಕೊಟ್ಟಿದ್ದಾರೆ. ಯಾರು ಎಲ್ಲಿ ನಿಂತಿದ್ದರು ಅಂತ ನೋಡಲು ಅದು ಒಳ್ಳೆಯದು, ಜಾಕೆಟ್ಟಿನ ಬಣ್ಣಕ್ಕೆ ಅದನ್ನೇ ನಂಬಬಾರದು.

ಹುಲಿಪಟ್ಟೆಯ ಕುಶೂನ್‌ಗಳನ್ನು (ಟಿಪ್ಪು ಸೈನ್ಯದ ತುಕಡಿಗಳು) 1799ರ ಯುದ್ಧಕ್ಕೆ ಅಂತ ಬೇರೆಯಾಗಿ ಮಾಡಿದ್ದೇನೆ. ನೇರಳೆ ಜಾಕೆಟ್, ಅದರ ಮೇಲೆ ಬಿಳಿ ಪಟ್ಟೆ, ಕೆಂಪು ರುಮಾಲು. ಬಿಳಿ ಜೆಲ್ ಪೆನ್ನಿನಲ್ಲಿ ಗೀಚಿ ನೋಡಿದೆ, ವಾರ್ನಿಶ್ ತಾಗಿದ ತಕ್ಷಣ ಹರಡಿತು. ಸೊನ್ನೆ ನಂಬರಿನ ಬ್ರಶ್ಶಿನಲ್ಲಿ ಚೆನ್ನಾಗಿ ಬಂತು, ಆದರೆ ಹತ್ತು ಫಿಗರಿಗೇ ಒಂದು ಸಂಜೆ ಹೋಯಿತು. ಕೊನೆಗೆ ಗೆದ್ದದ್ದು ಒತ್ತುವ ವಿಧಾನ. ಎದೆಗೆ ಓರೆಯಾಗಿ ಮೂರು ಗುರುತು, ತೋಳಿಗೆ ಎರಡೆರಡು, ಬೆನ್ನಿಗೆ ಮೂರು, ಅಷ್ಟೇ. ಪ್ರತಿ ಗುರುತೂ ಅಕ್ಕಿಕಾಳಿನಂತೆ ನಡುವೆ ದಪ್ಪ, ಕೊನೆಗೆ ಚೂಪು. ಬಣ್ಣ ಅಚ್ಚ ಬಿಳಿಯಲ್ಲ, ಒಂದು ಹನಿ ನೇರಳೆ ಬೆರೆಸಿದ್ದು. ಮೇಲೆ ಸ್ಟೇನ್ ಬಿದ್ದಾಗ ಪಟ್ಟೆ ಬಟ್ಟೆಯೊಳಗೇ ನೇಯ್ದ ಹಾಗೆ ಕೂರುತ್ತದೆ. ಯಾವುದರಿಂದ ಒತ್ತುತ್ತೇನೆ ಅಂತ ಹೇಳುವುದಿಲ್ಲ. ಮೆಹಂದಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಅಷ್ಟು ಸಾಕು. ಈಗ ಒಂದು ಸಂಜೆಗೆ 40 ಜನ ಏಳುತ್ತಾರೆ.

ನಡುವೆ ಬೇರೆ ದಾರಿಗಳನ್ನೂ ಹಿಡಿದು ನೋಡಿದೆ. ಚನ್ನಪಟ್ಟಣದಲ್ಲಿ ಹಾಲೆ ಮರದ ಪುಟ್ಟ ಸಿಪಾಯಿಗಳನ್ನು ಕಡೆಸಿದೆ. ಅರಗಿನ ಬಣ್ಣ ಎಷ್ಟು ಚೆಂದ ಅಂದರೆ ನೋಡುತ್ತಲೇ ಇರಬೇಕು ಅನಿಸುತ್ತದೆ. ಆದರೆ 15 ಎಂಎಂನಲ್ಲಿ ಕೈಕಾಲು ಬರುವುದಿಲ್ಲ, ಸಾಲಾಗಿ ನಿಲ್ಲಿಸಿದರೆ ಸೈನ್ಯದ ಹಾಗೆ ಕಾಣುವುದಿಲ್ಲ. ಅವನ್ನೀಗ ಮಾರ್ಕರ್ ಆಗಿ ಬಳಸುತ್ತೇನೆ. ಕೆಂಪು ಇಟ್ಟರೆ ತುಕಡಿ ಚದುರಿದೆ ಅಂತ, ಹಳದಿ ಇಟ್ಟರೆ ಮದ್ದು ಮುಗಿದಿದೆ ಅಂತ. ಮೇಜಿಗೆ ಕಳೆಯೂ ಬಂತು.

ಫಿಗರ್ ನಿಲ್ಲುವ ಬೇಸ್‌ಗಳಿಗೆ ಹೊರಗಿನ ಹುಲ್ಲು, ಮಣ್ಣು ಯಾವುದೂ ತರಿಸಲಿಲ್ಲ. ಸೋಸಿದ ಚಹಾಪುಡಿಯನ್ನು ಒಣಗಿಸಿ ಫೆವಿಕಾಲ್ ಮೇಲೆ ಉದುರಿಸಿದರೆ ಕಂಚಿ ಸೀಮೆಯ ನೆಲ ಬರುತ್ತದೆ. ಬಿಸಿಲಿನಲ್ಲಿ ಮಾತ್ರ ಒಣಗಿಸಿದ್ದು ಜುಲೈನಲ್ಲಿ ಬೂಷ್ಟು ಹಿಡಿಯಿತು. ಆಮೇಲೆ ಕಾವಲಿಯ ಮೇಲೆ ಹುರಿದು ಬಳಸಿದೆ, ತೊಂದರೆ ಬಂದಿಲ್ಲ. ಉದ್ದ ಹುಲ್ಲಿಗೆ ತೆಂಗಿನ ನಾರು. ಮೈಸೂರು ರಾಕೆಟ್ಟಿಗೆ ಕಟ್ಟುವ ಬಿದಿರಿಗೆ ಕಡ್ಡಿಪೊರಕೆಯನ್ನು ಸೀಳಿ ತೆಗೆದ ಎಳೆ.

ರಾಕೆಟ್ ಬಗ್ಗೆ ಹೇಳಲೇಬೇಕು. "ರಾಕೆಟ್ ಇಟ್ಟರೆ ಆಟ ಲಾಟರಿ ಆಗುತ್ತೆ" ಅಂತ ಗುಂಪಿನಲ್ಲಿ ಒಬ್ಬರು ಹಟ ಹಿಡಿದಿದ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವಲ್ಲ, ಒಂದು ಗೇಣಿನ ಆಸುಪಾಸಿನ ಕಬ್ಬಿಣದ ಕೊಳವೆ ಅವು. ಮದ್ದನ್ನು ಕಬ್ಬಿಣದೊಳಗೆ ಬಿಗಿದು ತುಂಬಿದ್ದರಿಂದಲೇ ಅವು ಸಾವಿರ ಗಜ ದಾಟಿ ಹೋಗುತ್ತಿದ್ದವು. ಗುರಿ ಮಾತ್ರ ನಿಖರವಲ್ಲ. ಇದನ್ನೇ ನಿಯಮ ಮಾಡಿದೆ. ರಾಕೆಟ್ಟಿಗೆ ಮೇಜಿನ ಉದ್ದಕ್ಕೂ ವ್ಯಾಪ್ತಿ ಇದೆ. ದಾಳದಲ್ಲಿ 3 ಅಥವಾ 4 ಬಿದ್ದರೆ ನೇರ, 1-2ಕ್ಕೆ ಎಡಕ್ಕೆ, 5-6ಕ್ಕೆ ಬಲಕ್ಕೆ ವಾಲುತ್ತದೆ. ತಗುಲಿದರೂ ಜನ ಸಾಯುವುದಿಲ್ಲ, ಆ ತುಕಡಿಗೆ ಒಂದು ಕೆಂಪು ಮಾರ್ಕರ್. ಮೂರು ಇಂಚಿನೊಳಗೆ ಕುದುರೆ, ಎತ್ತು ಇದ್ದರೆ ಹಿಂದೆ ಸರಿಯಬೇಕು. ಮದ್ದಿನ ಬಂಡಿಯ ಹತ್ತಿರ ಬಿದ್ದರೆ ಎರಡು ದಾಳ, 11 ಅಥವಾ 12 ಬಂದರೆ ಬಂಡಿ ಸಿಡಿಯುತ್ತದೆ. ಹನ್ನೆರಡಕ್ಕೆ ಒಂದು ಅವಕಾಶ. ಇದು ಲಾಟರಿ ಅಲ್ಲ, ಬೈಲಿಯನ್ನು ಒಂದೇ ಕಡೆ ನಿಲ್ಲಲು ಬಿಡದ ಒತ್ತಡ. ಮೈಸೂರು ತೋಪುಗಳಿಗೆ ಅಮೃತ ಮಹಲ್ ಎತ್ತು ಕಟ್ಟಿದ್ದಕ್ಕೆ ಎರಡು ಇಂಚು ಹೆಚ್ಚು ನಡಿಗೆ ಕೊಟ್ಟೆ. ಇದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಕಂಪನಿಯ ಮುಖ್ಯ ಸೈನ್ಯದೊಂದಿಗೆ ಕಂಚಿಯಲ್ಲಿದ್ದ ಹೆಕ್ಟರ್ ಮನ್ರೋ ನಿಜ ಯುದ್ಧದಲ್ಲಿ ಬೈಲಿಯ ನೆರವಿಗೆ ಬರಲಿಲ್ಲ. ಹಾಗಂತ ಅವನನ್ನು ಪೂರ್ತಿ ಬಿಟ್ಟರೆ ಆಟ ಒಂದೇ ಕಡೆಗೆ ವಾಲುತ್ತದೆ. ಆರನೇ ಸುತ್ತಿನಿಂದ ಪ್ರತಿ ಸುತ್ತಿಗೂ ಒಂದು ದಾಳ, 6 ಬಿದ್ದರೆ ಮನ್ರೋ ಮೇಜಿನ ಅಂಚಿಗೆ ಬರುತ್ತಾನೆ. ನಮ್ಮ ಹಿರಿಯರು ಚೌಕ ಕಟ್ಟಿ, ಬಂಡಿಗಳನ್ನು ಒಳಗೆ ಇಟ್ಟುಕೊಂಡು ಇದೇ ದಾಳಕ್ಕೆ ಕಾದರು. ಏಳನೇ ಸುತ್ತಿನಲ್ಲಿ ಒಂದು ರಾಕೆಟ್ ಎಡಕ್ಕೆ ವಾಲಿ ಚೌಕದೊಳಗೇ ಬಿತ್ತು. ಎರಡು ದಾಳ, 11. ಬಂಡಿ ಹೋಯಿತು, ಒಂದು ಬದಿಯ ಸಿಪಾಯಿಗಳಿಗೆಲ್ಲ ಕೆಂಪು ಮಾರ್ಕರ್, ಆ ಬದಿಗೇ ಕುದುರೆ ನುಗ್ಗಿಸಿದೆ. ಒಂಬತ್ತನೇ ಸುತ್ತಿಗೆ ಮುಗಿಯಿತು. ಮನ್ರೋ ಬರಲೇ ಇಲ್ಲ. ಲಾಟರಿ ಅಂದಿದ್ದವರು ನಿಯಮದ ಹಾಳೆಯ ಫೋಟೊ ತೆಗೆದುಕೊಂಡು ಹೋದರು.

ಮುಂದಿನದು 1799ರ ಮೇ 4, ಶ್ರೀರಂಗಪಟ್ಟಣದ ಕೋಟೆ. ಅಂದು ನುಗ್ಗಿದ ಪಡೆಯ ಮುಂದಿದ್ದ ಡೇವಿಡ್ ಬೇರ್ಡ್, ಪೊಲ್ಲಿಲೂರಿನಲ್ಲಿ ಕ್ಯಾಪ್ಟನ್ ಆಗಿ ಸಿಕ್ಕಿಬಿದ್ದು ಅದೇ ಊರಿನಲ್ಲಿ ಸೆರೆಯಲ್ಲಿದ್ದವನು. ಹಾಗಾಗಿ ಅವನದು ಎರಡು ಫಿಗರ್ ಮಾಡಿದ್ದೇನೆ, ಕ್ಯಾಪ್ಟನ್ ಒಂದು, ಜನರಲ್ ಒಂದು. ಒಡೆದ ಗೋಡೆಯನ್ನು ಥರ್ಮೋಕೋಲಿನಲ್ಲಿ ಕತ್ತರಿಸಿ ಆಗಿದೆ. ಬೇಸಿಗೆಯ ಕಾವೇರಿ, ನಡುವೆ ಬಂಡೆ, ಮೊಣಕಾಲುದ್ದ ನೀರು, ಇದಕ್ಕೆ ಸುರಿಯುವ ರೆಸಿನ್ ಬೇಕು. ಅದರ ಬೆಲೆ ಕೇಳಿದರೆ ಬೇಡ ಅನಿಸುತ್ತದೆ. ಪಿಯು ವಾರ್ನಿಶನ್ನೇ ಪದರ ಪದರವಾಗಿ ಹಾಕಿ ನೋಡುತ್ತಿದ್ದೇನೆ. ಮೂರನೇ ಪದರದವರೆಗೆ ಹಳದಿಯಾಗಿಲ್ಲ. ಥರ್ಮೋಕೋಲ್ ಮೇಲೆ ಕಲ್ಲಿನ ಸಂದು ಕೊರೆಯಲು ಬೆಸುಗೆ ಕಡ್ಡಿಗಿಂತ (ಸೋಲ್ಡರಿಂಗ್ ಐರನ್) ಸಣ್ಣದು ಯಾರಾದರೂ ಬಳಸಿದ್ದರೆ ಹೇಳಿ.